ಎರಡು ಟೂಲುಗಳ ನಡುವಿನ ಸಂದಿಗೆ ಯಾರು ಹೊಣೆ?

ಜೀವಶಾಸ್ತ್ರ ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳವರಿಗೆ, ವಿಜ್ಞಾನ ನಿಯತಕಾಲಿಕಗಳ ಸಂಪಾದಕರಿಗೆ, ಸಂಶೋಧನೆಗೆಂದು ಸಾಫ್ಟ್‌ವೇರ್ ಬರೆಯುವ ಎಲ್ಲರಿಗೆ,

ಮಾನ್ಯರೇ,

ಡಿಎನ್‌ಎಯ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರದಿಂದ ಹೊರಬಿದ್ದ ಕಚ್ಚಾ ಫೈಲು ಪ್ರಬಂಧದ ಚಿತ್ರವಾಗುವ ಹೊತ್ತಿಗೆ ಹತ್ತು ಹನ್ನೆರಡು ಸಾಫ್ಟ್‌ವೇರ್‌ಗಳ ಕೈದಾಟಿ ಬಂದಿರುತ್ತದೆ. ಗುಣಮಟ್ಟ ನೋಡುವುದೊಂದು, ಅಂಚಿನ ಕಸ ಕತ್ತರಿಸುವುದೊಂದು, ರೀಡ್‌ಗಳನ್ನು, ಅಂದರೆ ಯಂತ್ರ ಓದಿದ ತುಂಡು ಸರಣಿಗಳನ್ನು, ಜೀನೋಮಿನ ಮೇಲೆ ಕೂರಿಸುವುದೊಂದು, ವಿಂಗಡಿಸುವುದೊಂದು, ಎಣಿಸುವುದೊಂದು, ಅಂಕಿಅಂಶ ತೆಗೆಯುವುದು ಮತ್ತೊಂದು. ಇವುಗಳಲ್ಲಿ ಪ್ರತಿಯೊಂದಕ್ಕೂ ಬರೆದವರಿದ್ದಾರೆ, ಪ್ರಬಂಧವಿದೆ, ಎಷ್ಟು ಜನ ಉಲ್ಲೇಖಿಸಿದರು ಎಂಬ ಲೆಕ್ಕವಿದೆ. ಒಂದು ಟೂಲು ಬರೆದಿಟ್ಟದ್ದನ್ನು ಇನ್ನೊಂದು ಓದಿಕೊಳ್ಳುವ ಆ ಸಂದಿಗೆ ಮಾತ್ರ ವಾರಸುದಾರರಿಲ್ಲ.

ನಾವು ಆ ಸಂದಿನಲ್ಲೇ ದಿನವೂ ಕೆಲಸ ಮಾಡುವವರು. ಟೂಲು ಅರ್ಧದಲ್ಲಿ ಕುಸಿದುಬಿದ್ದರೆ ನಮಗೆ ಬೇಸರವಿಲ್ಲ. ತಪ್ಪಿದೆ ಎಂದಾದರೂ ಗೊತ್ತಾಯಿತು. ನಮ್ಮ ನಿದ್ದೆ ಕೆಡಿಸುವುದು ಕುಸಿಯದೆ, ಸದ್ದಿಲ್ಲದೆ, ನೋಡಲು ಸರಿಯಾಗಿರುವ ತಪ್ಪು ಉತ್ತರ ಕೊಡುವ ಟೂಲು. ಅಂಥ ತಪ್ಪುಗಳು ಎಲ್ಲಿ ಹುಟ್ಟುತ್ತವೆ, ಯಾಕೆ ಹುಟ್ಟುತ್ತವೆ, ನೀವು ಏನು ಮಾಡಿದರೆ ನಿಲ್ಲುತ್ತವೆ ಎಂದು ಹೇಳಲು ಈ ಪತ್ರ.

ಎಣಿಕೆಯಿಂದಲೇ ಶುರು ಮಾಡುತ್ತೇವೆ. ಕ್ರೋಮೋಸೋಮಿನ ಮೊದಲ 100 ಬೇಸ್‌ಗಳನ್ನು, ಅಂದರೆ ಡಿಎನ್‌ಎ ಅಕ್ಷರಗಳನ್ನು, ಜೀನೋಮಿನ ಸ್ಥಾನಗಳ ಪಟ್ಟಿಯಾದ ಬೆಡ್ ಫೈಲಿನಲ್ಲಿ 0, 100 ಎಂದು ಬರೆಯಬೇಕು. ಅದೇ ತುಣುಕು ಜೀನ್‌ಗಳ ಪಟ್ಟಿಯಿಡುವ ಜಿಎಫ್‌ಎಫ್ ಅಥವಾ ಜಿಟಿಎಫ್ ಫೈಲಿನಲ್ಲಿ 1, 100 ಆಗುತ್ತದೆ. ಬೆಡ್ ಸೊನ್ನೆಯಿಂದ ಎಣಿಸುತ್ತದೆ, ಕೊನೆಯ ಅಂಕಿಯನ್ನು ಒಳಗೆ ಸೇರಿಸುವುದಿಲ್ಲ. ಜಿಎಫ್‌ಎಫ್ ಒಂದರಿಂದ ಎಣಿಸುತ್ತದೆ, ಕೊನೆಯದನ್ನೂ ಸೇರಿಸಿಕೊಳ್ಳುತ್ತದೆ. ಡಿಎನ್‌ಎ ಬದಲಾವಣೆಗಳನ್ನು ಬರೆಯುವ ವಿಸಿಎಫ್ ಒಂದರಿಂದ, ಜೀನೋಮಿನ ಮೇಲೆ ಕೂರಿಸಿದ ರೀಡ್‌ಗಳನ್ನು ಬರೆಯುವ ಸ್ಯಾಮ್ ಒಂದರಿಂದ, ಆದರೆ ಸ್ಯಾಮ್‌ನ ಬೈನರಿ ರೂಪವಾದ ಬ್ಯಾಮ್ ಒಳಗೊಳಗೆ ಸೊನ್ನೆಯಿಂದ. ಅದರ ಮೇಲೆ ಆರ್ ಭಾಷೆ ಒಂದರಿಂದ, ಪೈಥಾನ್ ಸೊನ್ನೆಯಿಂದ. ಜಿಎಫ್‌ಎಫ್‌ನಿಂದ ಬೆಡ್‌ಗೆ ಬರುವಾಗ ಆರಂಭದಿಂದ 1 ಕಳೆಯಬೇಕು, ಕೊನೆಯನ್ನು ಮುಟ್ಟಬಾರದು. ಎರಡರಿಂದಲೂ ಕಳೆದ ಫೈಲುಗಳೂ ಸಿಗುತ್ತವೆ, ಯಾವುದರಿಂದಲೂ ಕಳೆಯದವೂ ಸಿಗುತ್ತವೆ. ವಿಸಿಎಫ್‌ನ 5000ನೇ ಸ್ಥಾನದ ಒಂದೇ ಬೇಸಿನ ಬದಲಾವಣೆ ಬೆಡ್‌ನಲ್ಲಿ 4999, 5000 ಆಗಬೇಕು. ಅದನ್ನು 5000, 5000 ಎಂದು ಬರೆದರೆ ಆ ತುಣುಕಿನ ಉದ್ದವೇ ಸೊನ್ನೆ.

ಇದು ಯಾರ ಕಣ್ಣಿಗೂ ಬೀಳದಿರಲು ಕಾರಣವಿದೆ. ಸಾವಿರಾರು ಬೇಸ್ ಉದ್ದದ ಜೀನಿನ ಮೇಲೆ ಎಷ್ಟು ರೀಡ್ ಬಿದ್ದವು ಎಂದು ಎಣಿಸುವಾಗ ಒಂದು ಬೇಸ್ ಅತ್ತಿತ್ತ ಆದರೆ ಲೆಕ್ಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದೇ ಫೈಲಿನಿಂದ ಎಕ್ಸಾನ್‌ಗಳನ್ನು, ಅಂದರೆ ಜೀನಿನಲ್ಲಿ ಉಳಿಸಿಕೊಳ್ಳುವ ಭಾಗಗಳನ್ನು, ಕತ್ತರಿಸಿ ಪ್ರೋಟೀನಿಗೆ ಅನುವಾದಿಸಿದಾಗ ಮೂರು ಮೂರಾಗಿ ಓದುವ ಸಾಲು ಜಾರುತ್ತದೆ, ಮುಂದಿನದೆಲ್ಲ ಕಸವಾಗುತ್ತದೆ. ಪರೀಕ್ಷಿಸಲು ಒಂದು ನಂಬಿಗಸ್ತ ತೂಗುಗುಂಡು ಇದೆ. ಎಕ್ಸಾನ್‌ಗಳ ನಡುವೆ ಬರುವ ಇಂಟ್ರಾನ್ ಎಂಬ ಭಾಗಗಳಲ್ಲಿ ಬಹುಪಾಲು ಜಿಟಿ ಎಂಬ ಎರಡು ಅಕ್ಷರಗಳಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತವೆ. ನಿಮ್ಮ ಫೈಲು ಹೇಳುವ ಇಂಟ್ರಾನ್‌ಗಳನ್ನು ಎಲ್ಲರೂ ಹೋಲಿಕೆಗೆ ಬಳಸುವ ರೆಫರೆನ್ಸ್ ಜೀನೋಮಿನಿಂದ ಕತ್ತರಿಸಿ, ಡಿಎನ್‌ಎಯ ಎರಡು ಎಳೆಗಳಲ್ಲಿ ಎದುರು ಎಳೆಯಲ್ಲಿರುವ ಜೀನ್‌ಗಳನ್ನು ತಿರುಗಿಸಿಕೊಂಡು, ಮೊದಲ ಎರಡು ಅಕ್ಷರಗಳನ್ನು ಎಣಿಸಿ. ಜಿಟಿ ಎದ್ದು ಕಂಡರೆ ಎಣಿಕೆ ಸರಿ. ಎರಡನೇ ಅಕ್ಷರ ಜಿ ಆಗಿದ್ದರೆ ಒಂದು ಬೇಸ್ ಹಿಂದಿದ್ದೀರಿ. ಮೊದಲನೆಯದೇ ಟಿ ಆಗಿದ್ದರೆ ಒಂದು ಮುಂದೆ. ಸ್ಕ್ರಿಪ್ಟಿನ ಹತ್ತು ಸಾಲು ಸಾಕು. ಸಾರ್ವಜನಿಕವಾಗಿ ಹಂಚುವ ಪ್ರತಿ ಜೀನ್ ಪಟ್ಟಿಗೂ ಇದನ್ನು ಓಡಿಸಿಯೇ ಬಿಡುಗಡೆ ಮಾಡಬೇಕೆಂದು ನಮ್ಮ ಆಸೆ.

ಎರಡನೆಯದು ಹೆಸರು. ಮನುಷ್ಯನ ಒಂದನೇ ಕ್ರೋಮೋಸೋಮು ಒಂದು ಕಡೆ ‘ಸಿಎಚ್‌ಆರ್1’, ಇನ್ನೊಂದು ಕಡೆ ಬರಿಯ ‘1’, ಮತ್ತೊಂದು ಕಡೆ ‘ಎನ್‌ಸಿ_000001.11’. ಒಂದು ಫೈಲಿನಲ್ಲಿ ಮೊದಲ ಬಗೆ, ಇನ್ನೊಂದರಲ್ಲಿ ಎರಡನೇ ಬಗೆ ಇದ್ದು ಎರಡನ್ನೂ ಹೋಲಿಸಿದರೆ ಉತ್ತರ ಸೊನ್ನೆ. ಎಷ್ಟೋ ಟೂಲುಗಳು ಹೆಚ್ಚೆಂದರೆ ಒಂದು ಸಾಲು ಎಚ್ಚರಿಕೆ ಕೊಟ್ಟು ‘ಯಶಸ್ವಿ’ ಎಂದು ಮುಗಿಸುತ್ತವೆ. ಆ ಎಚ್ಚರಿಕೆ ಲಾಗ್ ಫೈಲಿನಲ್ಲಿ ಹೂತುಹೋಗುತ್ತದೆ, ಸೊನ್ನೆ ಪ್ರಬಂಧಕ್ಕೆ ಹೋಗುತ್ತದೆ: ‘ಈ ಎರಡರ ನಡುವೆ ಯಾವ ಸಂಬಂಧವೂ ಕಂಡುಬರಲಿಲ್ಲ.’

ಹೆಸರಿನ ಮುಂದೆ ಮೂರಕ್ಷರ ಸೇರಿಸಿದರೆ ಸರಿಹೋಯಿತಲ್ಲ ಎನ್ನುವವರಿದ್ದಾರೆ. ಹೋಗುವುದಿಲ್ಲ. ಎಚ್‌ಜಿ19 ಎಂದು ಹಂಚಲ್ಪಟ್ಟ ಮನುಷ್ಯನ ಜೀನೋಮಿನಲ್ಲಿ ಮೈಟೋಕಾಂಡ್ರಿಯದ ಸರಣಿ 16,571 ಬೇಸ್ ಉದ್ದವಿತ್ತು; ಉಳಿದವರು ಬಳಸುತ್ತಿದ್ದ ಪ್ರಮಾಣಿತ ಸರಣಿ 16,569. ಹೆಸರು ಬದಲಿಸಿದರೆ ಎರಡು ಬೇರೆ ಸರಣಿಗಳಿಗೆ ಒಂದೇ ಹೆಸರು ಕೊಟ್ಟಂತಾಯಿತು, ಅಲ್ಲಿಯ ಸ್ಥಾನಗಳು ಅಲ್ಲಲ್ಲಿ ಜಾರಿದವು. ಹೆಸರಿಗಿಂತ ಉದ್ದವನ್ನು ನಂಬಿ. ಒಂದನೇ ಕ್ರೋಮೋಸೋಮಿನ ಉದ್ದ 24,92,50,621 ಇದ್ದರೆ ಆ ಫೈಲು ಮನುಷ್ಯನ ಜೀನೋಮಿನ ಜಿಆರ್‌ಸಿಎಚ್37 ಎಂಬ ಆವೃತ್ತಿಯದು. 24,89,56,422 ಇದ್ದರೆ ಜಿಆರ್‌ಸಿಎಚ್38ರದು. ಬ್ಯಾಮ್ ಫೈಲಿನ ತಲೆಬರಹದಲ್ಲಿ ಈ ಉದ್ದ ಇದ್ದೇ ಇರುತ್ತದೆ, ಸರಣಿಯ ಎಂಡಿ5 ಮೊತ್ತವನ್ನು, ಅಂದರೆ ಒಂದಕ್ಷರ ಬದಲಾದರೂ ಬದಲಾಗುವ ಗುರುತಂಕಿಯನ್ನು, ಇಡಲೂ ಜಾಗವಿದೆ. ಎರಡು ಫೈಲುಗಳನ್ನು ಕೂಡಿಸುವ ಯಾವ ಟೂಲೇ ಆಗಲಿ ಮೊದಲು ಇವನ್ನು ಹೋಲಿಸಿ ನೋಡಬೇಕು, ಹೊಂದದಿದ್ದರೆ ನಿಲ್ಲಬೇಕು.

ಈಗ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಅಪಾಯಕಾರಿಯಾದ ಸಂದಿಗೆ ಬರುತ್ತೇವೆ. ಜೀನೋಮಿನ ಒಂದು ಕಡೆ ‘ಜಿ ಸಿಎ ಸಿಎ ಸಿಎ ಟಿ’ ಎಂದಿದೆ ಎನ್ನಿ. ರೋಗಿಯಲ್ಲಿ ಒಂದು ‘ಸಿಎ’ ಇಲ್ಲ. ಮೂರರಲ್ಲಿ ಯಾವುದು ಹೋಯಿತು? ಯಾವುದು ಹೋಗಿದೆ ಎಂದರೂ ಉಳಿಯುವುದು ‘ಜಿ ಸಿಎ ಸಿಎ ಟಿ’ ತಾನೆ. ಮೂರೂ ಉತ್ತರ ಸರಿ. ವಿಸಿಎಫ್‌ನಲ್ಲಿ ಇದನ್ನು ಸಾಧ್ಯವಾದಷ್ಟು ಎಡಕ್ಕೆ ಸರಿಸಿ, ಜಿ ಇರುವ ಸ್ಥಾನದಲ್ಲಿ, ‘ಜಿಸಿಎ’ ಹೋಗಿ ‘ಜಿ’ ಆಯಿತು ಎಂದು ಬರೆಯುವುದು ರೂಢಿ. ವೈದ್ಯಕೀಯ ವರದಿಗಳು ಬಳಸುವ ಎಚ್‌ಜಿವಿಎಸ್ ಪದ್ಧತಿ ಸಾಧ್ಯವಾದಷ್ಟು ಬಲಕ್ಕೆ, ಮೂರನೇ ಸಿಎ ಹೋಯಿತು ಎನ್ನುತ್ತದೆ. ಅಲ್ಲೂ ಬಲವೆಂದರೆ ಜೀನು ಓದುವ ದಿಕ್ಕಿನ ಬಲ. ಜೀನು ಎದುರು ಎಳೆಯಲ್ಲಿದ್ದರೆ ಅದು ಜೀನೋಮಿನ ಎಡವೇ ಆಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಇದಕ್ಕಿಂತ ಚೆನ್ನಾಗಿ ಎಲ್ಲೂ ಹೊಂದಲಾರದು.

ಪರಿಣಾಮ ನೋಡಿ. ಒಂದು ಟೂಲು ಎಡಕ್ಕೆ ಬರೆದದ್ದನ್ನೂ ಇನ್ನೊಂದು ಸರಿಸದೆ ಬಿಟ್ಟದ್ದನ್ನೂ ಕೂಡಿಸಿದಾಗ ಒಂದೇ ಬದಲಾವಣೆ ಎರಡಾಗುತ್ತದೆ. ತಿಳಿದಿರುವ ಬದಲಾವಣೆಗಳ ಡೇಟಾಬೇಸಿನಲ್ಲಿ ಹುಡುಕಿದರೆ ‘ಇಲ್ಲ’ ಎಂದು ಬರುತ್ತದೆ, ಸಾಮಾನ್ಯ ಬದಲಾವಣೆಯೊಂದು ಅಪರೂಪದ್ದೆಂಬ ಪಟ್ಟ ಪಡೆಯುತ್ತದೆ. ಇದಕ್ಕಿಂತ ಕೆಟ್ಟದ್ದು ಅದರ ತಿರುಗುಮುರುಗು: ರೋಗಕಾರಕವೆಂದು ಮೊದಲೇ ದಾಖಲಾದದ್ದು ಹುಡುಕಾಟಕ್ಕೆ ಸಿಗದೆ ಹೋಗುತ್ತದೆ. ಮದ್ದು ಕೈಯಲ್ಲೇ ಇದೆ. ವಿಸಿಎಫ್ ಫೈಲುಗಳಿಗೆಂದಿರುವ ಬಿಸಿಎಫ್‌ಟೂಲ್ಸ್‌ನ ‘ನಾರ್ಮ್’ ಆದೇಶಕ್ಕೆ ರೆಫರೆನ್ಸ್ ಫೈಲು ಕೊಟ್ಟು ಓಡಿಸಿದರೆ ಎಲ್ಲವನ್ನೂ ಎಡಕ್ಕೆ ಸರಿಸುತ್ತದೆ, ಒಂದೇ ಸಾಲಿನಲ್ಲಿ ಎರಡು ಮೂರು ಬದಲಾವಣೆ ತುರುಕಿದ್ದರೆ ಬಿಡಿಸುವ ಆಯ್ಕೆಯೂ ಅದರಲ್ಲಿದೆ. ಷರತ್ತು ಎರಡು. ಹೋಲಿಸುವ ಎರಡೂ ಫೈಲುಗಳ ಮೇಲೆ ಓಡಿಸಬೇಕು, ಒಂದರ ಮೇಲೆ ಮಾತ್ರ ಓಡಿಸಿದರೆ ಪ್ರಯೋಜನವಿಲ್ಲ. ಎರಡಕ್ಕೂ ಒಂದೇ ರೆಫರೆನ್ಸ್ ಕೊಡಬೇಕು.

ಯಾವ ಜೀನ್ ಎಷ್ಟು ಸಕ್ರಿಯ ಎಂದು ತಿಳಿಯುವ ಆರ್‌ಎನ್‌ಎ ಎಣಿಕೆಯಲ್ಲಿ ಸಂದಿನ ತಪ್ಪು ಒಂದೇ ಅಕ್ಷರದಲ್ಲಿ ಅಡಗಿ ಕೂತಿರುತ್ತದೆ. ಎಳೆಯ ಗುರುತು ಉಳಿಸುವ ಡಿಯುಟಿಪಿ ಎಂಬ ವಿಧಾನದಲ್ಲಿ ತಯಾರಾದ ಲೈಬ್ರರಿಯಲ್ಲಿ, ಅಂದರೆ ಯಂತ್ರಕ್ಕೆ ಹಾಕಲು ಸಿದ್ಧಪಡಿಸಿದ ಮಾದರಿಯಲ್ಲಿ, ಮೊದಲ ರೀಡ್ ಜೀನಿನ ಎದುರು ಎಳೆಯಿಂದ ಬರುತ್ತದೆ. ಈ ಒಂದು ಸಂಗತಿಗೆ ಎಚ್‌ಟಿಸೆಕ್ ಎಂಬ ಟೂಲಿನಲ್ಲಿ ‘ರಿವರ್ಸ್’ ಎಂದು ಹೆಸರು, ಫೀಚರ್‌ಕೌಂಟ್ಸ್‌ನಲ್ಲಿ ‘2’, ಹೈಸ್ಯಾಟ್2ರಲ್ಲಿ ‘ಆರ್‌ಎಫ್’, ಸಾಮನ್‌ನಲ್ಲಿ ‘ಐಎಸ್‌ಆರ್’. ಹೇಳದೆ ಬಿಟ್ಟರೆ ಎಚ್‌ಟಿಸೆಕ್ ಲೈಬ್ರರಿ ನೇರ ಎಳೆಯದು ಎಂದು ತಾನೇ ಊಹಿಸುತ್ತದೆ, ಫೀಚರ್‌ಕೌಂಟ್ಸ್ ಎಳೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅದೇ ಬ್ಯಾಮ್ ಫೈಲನ್ನು ಎರಡಕ್ಕೂ ಏನೂ ಹೇಳದೆ ಕೊಟ್ಟರೆ, ಒಂದರಲ್ಲಿ ಹೆಚ್ಚಿನ ಜೀನ್‌ಗಳು ಬರಿದಾಗಿ ಎದುರು ಎಳೆಯ ಅಲ್ಪಸ್ವಲ್ಪ ಸದ್ದು ಮಾತ್ರ ಉಳಿಯುತ್ತದೆ, ಇನ್ನೊಂದರಲ್ಲಿ ಎದುರುಬದುರು ಎಳೆಗಳಲ್ಲಿ ಒಂದರ ಮೇಲೊಂದು ಬರುವ ಜೀನ್‌ಗಳ ರೀಡ್‌ಗಳು ‘ಯಾರದೋ ಗೊತ್ತಿಲ್ಲ’ ಎಂದು ಬಿದ್ದುಹೋಗುತ್ತವೆ. ತಪ್ಪಿಸುವುದು ಕಷ್ಟವಲ್ಲ. ಎರಡು ಲಕ್ಷ ರೀಡ್‌ಗಳನ್ನು ತೆಗೆದುಕೊಂಡು ಎರಡೂ ದಿಕ್ಕಿನಲ್ಲಿ ಎಣಿಸಿ ನೋಡಿ. ಒಂದು ದಿಕ್ಕು ಬಹುಪಾಲು ಗೆದ್ದರೆ ಅದೇ ಸರಿ. ಎರಡೂ ಸಮಸಮ ಬಂದರೆ ಆ ಲೈಬ್ರರಿಗೆ ಎಳೆಯ ಗುರುತೇ ಇಲ್ಲ. ಆರ್‌ಸೆಕ್‌ಕ್ಯುಸಿ ಎಂಬ ಟೂಲಿನಲ್ಲಿ ಇದಕ್ಕೆಂದೇ ಒಂದು ಸ್ಕ್ರಿಪ್ಟಿದೆ. ಆಮೇಲೆ ಸಿಕ್ಕ ಉತ್ತರವನ್ನು ಮಾದರಿಯ ವಿವರದ ಜೊತೆಗೇ ಬರೆದಿಡಿ, ಮುಂದಿನವರು ಮತ್ತೆ ಊಹಿಸುವಂತಾಗಬಾರದು.

ಕೋಷ್ಟಕಗಳ ಕಥೆ ಹಳೆಯದು, ಆದರೂ ಹೇಳಬೇಕು. ‘ಸೆಪ್ಟ್2’ ಎಂಬ ಜೀನಿನ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಎಂದು, ‘ಮಾರ್ಚ್1’ ಎಂಬುದನ್ನು ಮಾರ್ಚ್ 1 ಎಂದು ತಿದ್ದುತ್ತದೆ. ಇದು 2004ರಲ್ಲೇ ಪ್ರಕಟವಾಗಿ ಎಚ್ಚರಿಸಲಾಗಿತ್ತು. 2016ರ ಒಂದು ಪರಿಶೀಲನೆ, ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪು ಕಂಡಿತು. 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು ಅವುಗಳನ್ನು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಬದಲಿಸಿತು. ಈ ತಾನೇ ತಿದ್ದುವ ಚಾಳಿಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ. ಹಳೆಯ ಪಟ್ಟಿಗಳು ಹಾಗೇ ಇವೆ, ಅವನ್ನು ಇಳಿಸಿಕೊಂಡು ಬಳಸುವವರೂ ಇದ್ದಾರೆ.

ಇದೇ ಜಾತಿಯ, ಆದರೆ ಕಡಿಮೆ ಜನ ಗಮನಿಸಿದ ಇನ್ನೊಂದಿದೆ. ಇನ್‌ಫ್ಲುಯೆಂಜಾ ವೈರಸ್ಸಿನ ನ್ಯೂರಮಿನಿಡೇಸ್ ಜೀನಿಗೆ ‘ಎನ್‌ಎ’ ಎಂದೇ ಹೆಸರು. ಆರ್ ಭಾಷೆಯ ಕೋಷ್ಟಕ ಓದುವ ಫಂಕ್ಷನ್ನಿಗೂ ಪೈಥಾನಿನ ಪಾಂಡಾಸ್‌ಗೂ ‘ಎನ್‌ಎ’ ಅಂದರೆ ‘ಮಾಹಿತಿ ಇಲ್ಲ’. ಎಂಟು ತುಣುಕುಗಳ ಪಟ್ಟಿ ಓದಿಸಿದರೆ ಏಳಕ್ಕೆ ಹೆಸರಿರುತ್ತದೆ, ಉಳಿದ ಒಂದು ಖಾಲಿ. ಮುಂದೆ ‘ಖಾಲಿ ಸಾಲು ತೆಗೆ’ ಎಂಬ ಆದೇಶವಿದ್ದರೆ ಲಸಿಕೆ ಸಂಶೋಧನೆಗೆ ಬಹುಮುಖ್ಯವಾದ ಜೀನೊಂದು ವಿಶ್ಲೇಷಣೆಯಿಂದಲೇ ಮಾಯ. ಪಾಂಡಾಸ್‌ನಲ್ಲಿ ಇಂಥ ರೂಢಿಯ ಖಾಲಿ ಗುರುತುಗಳನ್ನು ಬಿಡು ಎಂದು ಹೇಳುವ ಆಯ್ಕೆಯಿದೆ, ಆರ್‌ನಲ್ಲಿ ಖಾಲಿಯ ಗುರುತು ಯಾವುದೆಂದು ನಾವೇ ಬರೆದುಕೊಡಬಹುದು. ಆರ್‌ನಿಂದ ಕೋಷ್ಟಕ ಬರೆಯುವಾಗಲೂ ಒಂದು ಕಂಟಕವಿದೆ: ಸಾಲುಗಳ ಹೆಸರನ್ನೂ ಬರೆಸಿದರೆ ಮೊದಲ ಕಂಬಕ್ಕೆ ತಲೆಬರಹ ಸಿಗುವುದಿಲ್ಲ, ಬೇರೆ ಕಡೆ ತೆರೆದಾಗ ಎಲ್ಲ ತಲೆಬರಹಗಳೂ ಒಂದು ಮನೆ ಎಡಕ್ಕೆ ಸರಿದಿರುತ್ತವೆ. ಒಂದನೇ ಮಾದರಿಯ ಅಂಕಿಗಳು ಎರಡನೆಯದರ ಹೆಸರಿನಡಿ ಕೂರುತ್ತವೆ. ವಿಂಡೋಸ್‌ನಲ್ಲಿ ಉಳಿಸಿದ ಮಾದರಿ ಪಟ್ಟಿಯ ಪ್ರತಿ ಸಾಲಿನ ತುದಿಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿರುತ್ತದೆ. ಕೊನೆಯ ಕಂಬದ ಹೆಸರು ಯಾವುದಕ್ಕೂ ಹೊಂದುವುದಿಲ್ಲ, ಯಾಕೆಂದು ತಲೆ ಕೆರೆದುಕೊಳ್ಳುತ್ತಾ ಅರ್ಧ ದಿನ ಹೋಗುತ್ತದೆ.

ಜೀನ್‌ಗಳ ಗುರುತಿನ ಸಂಖ್ಯೆಗಳೂ ಇಂಥವೇ. ಎನ್ಸೆಂಬಲ್ ಎಂಬ ಡೇಟಾಬೇಸು ಕೊಡುವ ಸಂಖ್ಯೆಯ ಕೊನೆಗೆ ಚುಕ್ಕೆ ಇಟ್ಟು ಆವೃತ್ತಿ ಬರೆದಿರುತ್ತಾರೆ. ಒಂದು ಪಟ್ಟಿಯಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೊಂದಾಣಿಕೆ ಸೊನ್ನೆಯೆಂದು ಎಲ್ಲರೂ ಚುಕ್ಕೆಯ ನಂತರದ್ದನ್ನು ಕತ್ತರಿಸುತ್ತಾರೆ. ಆದರೆ ಜೆನ್‌ಕೋಡ್ ಎಂಬ ಜೀನ್ ಪಟ್ಟಿಯ ಅನೇಕ ಬಿಡುಗಡೆಗಳಲ್ಲಿ ಎಕ್ಸ್ ಮತ್ತು ವೈ ಕ್ರೋಮೋಸೋಮುಗಳು ಹಂಚಿಕೊಂಡ ಭಾಗದ ಜೀನ್‌ಗಳನ್ನು ಬೇರ್ಪಡಿಸುವ ಗುರುತು ಇರುವುದೇ ಆ ಚುಕ್ಕೆಯ ನಂತರ. ಕತ್ತರಿಸಿದರೆ ಎರಡು ಸಾಲಿಗೆ ಒಂದೇ ಸಂಖ್ಯೆ. ಕತ್ತರಿಸಿದ ಮೇಲೆ ಒಂದೇ ಸಂಖ್ಯೆ ಎರಡು ಸಲ ಬಂದಿದೆಯೇ ಎಂದು ಎಣಿಸಿ ನೋಡುವುದು ಕಡ್ಡಾಯ.

ಬಿಡಿ ಜೀವಕೋಶಗಳ ಅಧ್ಯಯನದಲ್ಲಿ ಪೈಥಾನಿನ ಆನ್‌ಡೇಟಾ ಕೋಶಗಳನ್ನು ಅಡ್ಡಸಾಲಿನಲ್ಲಿಡುತ್ತದೆ, ಆರ್‌ನ ಸೂರಾ ಕಂಬಸಾಲಿನಲ್ಲಿಡುತ್ತದೆ. ಅತ್ತಿಂದಿತ್ತ ತಿರುಗಿಸುವುದು ಎಲ್ಲರಿಗೂ ಗೊತ್ತು. ಪೆಟ್ಟು ಬೀಳುವುದು ಬೇರೆ ಕಡೆ: ಜೀನಿನ ಹೆಸರಲ್ಲಿ ಕೆಳಗೆರೆ ಇದ್ದರೆ ಸೂರಾ ಅದನ್ನು ಅಡ್ಡಗೆರೆಯಾಗಿ ಬದಲಿಸುತ್ತದೆ, ವಾಪಸು ಬಂದಾಗ ಹಳೆಯ ಪಟ್ಟಿಗೆ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಫೈಲಿನಲ್ಲಿರುವುದು ಕಚ್ಚಾ ಎಣಿಕೆಯೋ, ಸಮಗೊಳಿಸಿ ಲಾಗ್, ಅಂದರೆ ಲಾಗರಿತಮ್, ತೆಗೆದದ್ದೋ ಎಂದು ಫೈಲು ತಾನಾಗಿ ಹೇಳುವುದಿಲ್ಲ. ಲಾಗ್ ತೆಗೆದದ್ದಕ್ಕೆ ಮತ್ತೊಮ್ಮೆ ಲಾಗ್ ತೆಗೆದರೂ ಚಿತ್ರ ಅಂದವಾಗಿಯೇ ಬರುತ್ತದೆ. ಎಣಿಕೆಗಳನ್ನು ಹೋಲಿಸುವ ಡಿಇಸೆಕ್2ರಂಥ ಟೂಲುಗಳಿಗೆ ಕಚ್ಚಾ ಪೂರ್ಣಾಂಕಗಳೇ ಬೇಕು. ಪರೀಕ್ಷೆ ಹೀಗೆ: ಎಲ್ಲ ಅಂಕಿಗಳೂ ಪೂರ್ಣಾಂಕವಾಗಿದ್ದರೆ ಕಚ್ಚಾ ಇರಬಹುದು. ದಶಮಾಂಶಗಳಿದ್ದರೆ ಲಾಗನ್ನು ಹಿಂತಿರುಗಿಸಿ, ಸೇರಿಸಿದ್ದ 1 ಕಳೆದು, ಪ್ರತಿ ಕೋಶದ ಮೊತ್ತ ನೋಡಿ. ಎಲ್ಲವೂ 10,000ಕ್ಕೆ ಬಂದು ನಿಂತರೆ ಯಾರೋ ಆಗಲೇ ಸಮಗೊಳಿಸಿದ್ದಾರೆ.

ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಪ್ರತಿ ಕೋಶಕ್ಕೂ ಒಂದು ಸಂಖ್ಯೆ ಕೊಟ್ಟ ನಕ್ಷೆಯನ್ನು ಒಂದು ಟೂಲು ಬರೆಯುತ್ತದೆ, ಇನ್ನೊಂದು ಓದುತ್ತದೆ. ಆ ನಕ್ಷೆ 8 ಬಿಟ್‌ನಲ್ಲಿ ಉಳಿದರೆ 255ಕ್ಕಿಂತ ದೊಡ್ಡ ಸಂಖ್ಯೆಗೆ ಜಾಗವಿಲ್ಲ. ಕೆಲವು ಟೂಲುಗಳಲ್ಲಿ 256ನೇ ಕೋಶ ಸೊನ್ನೆಯಾಗಿ ಹಿನ್ನೆಲೆಯಲ್ಲಿ ಕರಗುತ್ತದೆ, 257ನೆಯದು 1 ಆಗಿ ಚಿತ್ರದ ಇನ್ನೊಂದು ಮೂಲೆಯ ಕೋಶದೊಂದಿಗೆ ಒಂದಾಗುತ್ತದೆ. ಬೇರೆ ಕೆಲವು ಸಂಖ್ಯೆಗಳನ್ನೆಲ್ಲ ಕುಗ್ಗಿಸುತ್ತವೆ, ಅಕ್ಕಪಕ್ಕದ ಸಂಖ್ಯೆಗಳು ಒಂದಾಗುತ್ತವೆ. ಕನಿಷ್ಠ 16 ಬಿಟ್ ಬಳಸಿ, ಜೆಪೆಗ್‌ನಲ್ಲಿ ಎಂದೂ ಉಳಿಸಬೇಡಿ. ಅದು ಅಂಚಿನ ಸಂಖ್ಯೆಗಳನ್ನು ಕಲಸಿ ಇಲ್ಲದ ಕೋಶಗಳನ್ನು ಹುಟ್ಟಿಸುತ್ತದೆ. ಪಿಕ್ಸೆಲ್ಲಿನ ಅಳತೆಯೂ ದಾರಿಯಲ್ಲಿ ಕಳೆದುಹೋಗುವ ಸಾಮಾನು. ನಾಲ್ಕು ಪಿಕ್ಸೆಲ್ಲುಗಳನ್ನು ಒಂದಾಗಿಸುವ 2×2 ಬಿನ್ನಿಂಗ್ ಮಾಡಿ ಅಳತೆ ತಿದ್ದದಿದ್ದರೆ ಉದ್ದಗಳು ಅರ್ಧವಾಗುತ್ತವೆ, ವಿಸ್ತೀರ್ಣ ಕಾಲು ಭಾಗ. ಓಎಂಇ-ಟಿಫ್, ಓಎಂಇ-ಜಾರ್ ಎಂಬ ರೂಪಗಳು ಅಳತೆ, ಚಾನೆಲ್, ಆಳ, ಕಾಲಗಳ ಕ್ರಮವನ್ನು ಚಿತ್ರದ ಜೊತೆಗೇ ಒಯ್ಯುತ್ತವೆ. ಅವನ್ನು ಬಳಸದಿರಲು ನಮಗೆ ಒಳ್ಳೆಯ ಕಾರಣ ಕಾಣುವುದಿಲ್ಲ.

ಟೂಲುಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಪೈಪಿನಿಂದ ಜೋಡಿಸುವಾಗಿನ ಅಪಾಯವನ್ನೂ ಹೇಳಿಬಿಡುತ್ತೇವೆ. ರೀಡ್‌ಗಳನ್ನು ಕೂರಿಸುವ ಟೂಲು ನಡುವೆ ಮೆಮೊರಿ ಸಾಲದೆ ಸತ್ತರೆ, ಪೈಪಿನ ಈ ತುದಿಯಲ್ಲಿ ವಿಂಗಡಿಸುವ ಟೂಲಿಗೆ ‘ಡೇಟಾ ಮುಗಿಯಿತು’ ಎಂದಷ್ಟೇ ಗೊತ್ತಾಗುತ್ತದೆ. ಅದು ಬಂದಷ್ಟನ್ನು ವಿಂಗಡಿಸಿ, ಕೊನೆಗೆ 28 ಬೈಟಿನ ಮುಕ್ತಾಯದ ಗುರುತನ್ನೂ ಬರೆದು, ಯಶಸ್ವಿಯಾಗಿ ಮುಗಿಸಬಹುದು. ಆಗ ಸ್ಯಾಮ್‌ಟೂಲ್ಸ್‌ನ ‘ಕ್ವಿಕ್‌ಚೆಕ್’ ಕೂಡ ಫೈಲು ಚೆನ್ನಾಗಿದೆ ಎನ್ನುತ್ತದೆ, ಯಾಕೆಂದರೆ ಅದು ನೋಡುವುದು ತಲೆಬರಹವನ್ನೂ ಆ ಗುರುತನ್ನೂ ಮಾತ್ರ. ಆದೇಶಗಳನ್ನು ಓಡಿಸುವ ಶೆಲ್‌ನಲ್ಲಿ, ಪೈಪಿನ ಯಾವ ಟೂಲು ಸೋತರೂ ತಪ್ಪೆಂದು ಹೇಳುವ ‘ಪೈಪ್‌ಫೇಲ್’ ಹಾಕುವುದು ಮೊದಲ ರಕ್ಷೆ. ಎರಡನೆಯದು ಎಣಿಕೆ: ಪ್ರತಿ ರೀಡಿಗೆ ನಾಲ್ಕು ಸಾಲಿರುವ ಕಚ್ಚಾ ಫಾಸ್ಟ್‌ಕ್ಯೂ ಫೈಲುಗಳ ಸಾಲುಗಳನ್ನು ನಾಲ್ಕರಿಂದ ಭಾಗಿಸಿ ಜೋಡಿ ರೀಡ್‌ಗಳ ಎರಡೂ ಫೈಲಿನ ಮೊತ್ತ ಹಿಡಿಯಿರಿ, ರೀಡ್‌ಗಳನ್ನು ಕೂರಿಸುವ ಬಿಡಬ್ಲ್ಯುಎ ಎಂಬ ಟೂಲು ಕೊಟ್ಟ ಬ್ಯಾಮ್‌ನಲ್ಲಿ 2304 ಎಂಬ ಫ್ಲ್ಯಾಗ್ ಇರುವವನ್ನು, ಅಂದರೆ ದ್ವಿತೀಯ ಮತ್ತು ಪೂರಕ ಸಾಲುಗಳನ್ನು ಬಿಟ್ಟು ಎಣಿಸಿ. ಎರಡು ಅಂಕಿಗಳೂ ಒಂದೇ ಆಗಿರಬೇಕು. ಒಂದು ರೀಡ್ ಕಡಿಮೆಯಾದರೂ ಮುಂದೆ ಹೋಗಬೇಡಿ.

ಟೂಲುಗಳನ್ನು ಸಾಲಾಗಿ ಓಡಿಸುವ ಸ್ನೇಕ್‌ಮೇಕ್, ನೆಕ್ಸ್ಟ್‌ಫ್ಲೋ, ಸಿಡಬ್ಲ್ಯುಎಲ್, ಗ್ಯಾಲಕ್ಸಿ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ, ನಾವು ಅವುಗಳಿಗೆ ಋಣಿಗಳು. ಯಾವ ಹೆಜ್ಜೆಯ ನಂತರ ಯಾವುದು, ಎಲ್ಲಿ ನಿಂತಿತು, ಎಲ್ಲಿಂದ ಮತ್ತೆ ಶುರು ಎಂಬುದನ್ನು ಅವು ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತವೆ. ಟೂಲುಗಳನ್ನು ನಿಗದಿತ ಆವೃತ್ತಿಯಲ್ಲಿ ಕಟ್ಟಿಕೊಡುವ ಬಯೋಕೋಂಡಾ, ಬಯೋಕಂಟೈನರ್‌ಗಳು ಆವೃತ್ತಿಯ ಗೊಂದಲ ತಪ್ಪಿಸುತ್ತವೆ. ಆವೃತ್ತಿ ಎಷ್ಟು ಮುಖ್ಯ ಎಂಬುದಕ್ಕೆ ಒಂದೇ ಉದಾಹರಣೆ: ಫೀಚರ್‌ಕೌಂಟ್ಸ್‌ನ 2.0.2ನೇ ಆವೃತ್ತಿಯಿಂದ, ಜೋಡಿ ರೀಡ್‌ಗಳಿಗೆ ಕೊಡುವ ಆಯ್ಕೆಯ ಅರ್ಥವೇ ಬದಲಾಯಿತು. ಜೋಡಿಯನ್ನು ಒಂದೆಂದು ಎಣಿಸಲು ಈಗ ಇನ್ನೊಂದು ಆಯ್ಕೆಯನ್ನೂ ಬೇರೆಯಾಗಿ ಕೊಡಬೇಕು. ಹಳೆಯ ಆದೇಶವನ್ನು ಹೊಸ ಆವೃತ್ತಿಗೆ ಕೊಟ್ಟರೆ ದೂರಿಲ್ಲದೆ ಓಡುತ್ತದೆ, ಎಣಿಕೆ ಸುಮಾರು ಎರಡರಷ್ಟು ಬರುತ್ತದೆ. ಆದರೆ ಈ ವ್ಯವಸ್ಥೆಗಳೆಲ್ಲ ಫೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುತ್ತವೆಯೇ ಹೊರತು ಅದರೊಳಗಿನ ಅರ್ಥವನ್ನು ನೋಡುವುದಿಲ್ಲ. ಸೊನ್ನೆಯಿಂದ ಎಣಿಸಿದ್ದೋ ಒಂದರಿಂದಲೋ ಎಂಬುದು ಟೂಲನ್ನು ಅದರ ಪರಿಸರ ಸಮೇತ ಕಟ್ಟಿಟ್ಟ ಕಂಟೈನರಿಗೆ ಗೊತ್ತಾಗುವುದಿಲ್ಲ.

ಇನ್ನೊಂದು ಹೊಸ ಫಾರ್ಮ್ಯಾಟ್ ಬೇಕೆಂದು ನಾವು ಕೇಳುತ್ತಿಲ್ಲ. ಇರುವವುಗಳಲ್ಲಿ ಯಾವುವು ಬಾಳಿಕೆ ಬಂದವು, ಯಾಕೆ ಬಾಳಿಕೆ ಬಂದವು ಎಂದು ನೋಡಿದರೆ ದಾರಿ ಅಲ್ಲೇ ಇದೆ. 2009ರಲ್ಲಿ ಪ್ರಕಟವಾದ ಸ್ಯಾಮ್ ಬಾಳಿಕೆ ಬಂದದ್ದು ಅದರ ನಿಯಮಗಳ ಬರಹದ ಜೊತೆಗೇ ಓದಿ ಬರೆಯುವ ಕೋಡ್ ಕೈಗೆ ಸಿಕ್ಕಿದ್ದರಿಂದ. ಜೀವಕ್ರಿಯೆಗಳ ಗಣಿತ ಮಾದರಿಗಳಿಗೆ ಇರುವ ಎಸ್‌ಬಿಎಂಎಲ್‌ಗೆ ಒಂದು ಪರೀಕ್ಷಾ ಕಟ್ಟು ಇದೆ: ಸಾವಿರಕ್ಕೂ ಹೆಚ್ಚು ಪುಟ್ಟ ಮಾದರಿಗಳು, ಪ್ರತಿಯೊಂದಕ್ಕೂ ಬರಬೇಕಾದ ಸರಿಯುತ್ತರ. ಹೊಸ ಸಿಮ್ಯುಲೇಟರ್ ಬರೆದವರು ಅದನ್ನು ಓಡಿಸಿ ಎಲ್ಲಿ ತಪ್ಪಿದ್ದೇವೆಂದು ಮೊದಲ ದಿನವೇ ತಿಳಿಯಬಹುದು. ಪ್ರೋಟೀನ್ ರಚನೆಗಳ ವಿಷಯದಲ್ಲಿ ಹಳೆಯ ಪಿಡಿಬಿ ಫೈಲಿನಲ್ಲಿ ಪರಮಾಣುವಿನ ಸಂಖ್ಯೆಗೆ ಐದೇ ಮನೆ, 99,999 ದಾಟುವಂತಿಲ್ಲ. ಸರಪಳಿಯ ಹೆಸರಿಗೆ ಒಂದೇ ಅಕ್ಷರ. ಬದಲಿ ರೂಪವಾದ ಎಂಎಂಸಿಫ್ ಎಷ್ಟೋ ವರ್ಷ ಇದ್ದರೂ ಜನ ಹಳೆಯದನ್ನೇ ಹಿಡಿದಿದ್ದರು. 2019ರಲ್ಲಿ ಹರಳು ರಚನೆಗಳನ್ನು ಸಲ್ಲಿಸಲು ಅದು ಕಡ್ಡಾಯವಾಯಿತು. ಕಡ್ಡಾಯ ಮಾಡುವ ಅಧಿಕಾರ ಇದ್ದವರು ಅದನ್ನು ಬಳಸಿದರು. ಈ ಪತ್ರ ನಿಮಗೆ ಬರೆಯುತ್ತಿರುವುದು ಅದಕ್ಕೇ.

ಹಣ ಕೊಡುವವರೇ, ಡೇಟಾ ಹಂಚಿಕೆಗೆಂದು ಬಂದ 2016ರ ಫೇರ್ ತತ್ವಗಳಲ್ಲಿ ಮೂರನೆಯದು ಇದೇ, ಒಂದರೊಡನೊಂದು ಹೊಂದಿ ಕೆಲಸ ಮಾಡುವುದು. ಅರ್ಜಿಗಳಲ್ಲಿ ಅದು ಒಂದು ಸಾಲಾಗಿ ಬಂದುಹೋಗುತ್ತದೆ, ಬಜೆಟ್ಟಿನಲ್ಲಿ ಬರುವುದಿಲ್ಲ. ಹೊಸ ಟೂಲಿಗೆ ಹಣವಿದೆ. ಇರುವ ಟೂಲಿನ ಓದುವ ಭಾಗವನ್ನು ದುರಸ್ತಿ ಮಾಡಲು, ಪರೀಕ್ಷಾ ಫೈಲುಗಳನ್ನು ಕಟ್ಟಲು ಇಲ್ಲ. ಸಾಫ್ಟ್‌ವೇರಿಗೆಂದು ಕೊಡುವ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ಈ ಕೆಲಸಕ್ಕೇ ಮುಡಿಪಾಗಿಡಿ. ವರದಿ ಕೇಳುವಾಗ, ಪ್ರಬಂಧ ಎಷ್ಟು ಎಂದು ಕೇಳುವಂತೆ, ಬೇರೆ ಯಾವ ಟೂಲುಗಳ ಜೊತೆ ಯಾವ ಫೈಲುಗಳಿಂದ ಪರೀಕ್ಷಿಸಿದಿರಿ ಎಂದೂ ಕೇಳಿ. ಯೋಜನೆ ಮುಗಿದ ಮೇಲೂ ಅದನ್ನು ನೋಡಿಕೊಳ್ಳುವವರಿಗೆ ಸಂಬಳ ಇರಲಿ. ಸಂಶೋಧನಾ ವಿದ್ಯಾರ್ಥಿಯೊಬ್ಬರು ಪದವಿ ಪಡೆದು ಹೋದ ದಿನವೇ ಟೂಲು ಅನಾಥವಾಗಬಾರದು.

ಟೂಲು ಬರೆಯುವ ಗೆಳೆಯರೇ, ದಯವಿಟ್ಟು ಊಹಿಸಬೇಡಿ. ಎರಡು ಫೈಲುಗಳಲ್ಲಿ ಒಂದೂ ಕ್ರೋಮೋಸೋಮ್ ಹೆಸರು ಹೊಂದದಿದ್ದರೆ ಎಚ್ಚರಿಕೆ ಸಾಲದು, ತಪ್ಪಿನ ಸಂಕೇತ ಕೊಟ್ಟು ನಿಲ್ಲಿ. ಸ್ಥಾನಗಳನ್ನು ಎಲ್ಲಿಂದ ಎಣಿಸುತ್ತೀರಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಬರೆಯಿರಿ. ಯಾವ ಆವೃತ್ತಿ, ಯಾವ ಆದೇಶದಿಂದ ಬಂತು ಎಂದು ಔಟ್‌ಪುಟ್ಟಿನ ತಲೆಬರಹದಲ್ಲೇ ಇರಲಿ. ಆಯ್ಕೆಯ ಅರ್ಥ ಬದಲಿಸಬೇಕಾದರೆ ಹಳೆಯ ಹೆಸರನ್ನು ಕೈಬಿಟ್ಟು ಹೊಸ ಹೆಸರಿಡಿ. ಸರಿಯಾದ ಫೈಲುಗಳ ಜೊತೆಗೆ ಕೆಟ್ಟ ಫೈಲುಗಳ ಒಂದು ಗಂಟನ್ನೂ ಕೊಡಿ: ಅರ್ಧಕ್ಕೆ ನಿಂತದ್ದು, ವಿಂಗಡಿಸದ್ದು, ಬಿಜಿಜಿಪ್ ಬದಲು ಸಾದಾ ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದ್ದು, ಸಾಲುಗಳ ತುದಿಗೆ ವಿಂಡೋಸ್ ಅಕ್ಷರವಿದ್ದದ್ದು. ಇವುಗಳಲ್ಲಿ ಪ್ರತಿಯೊಂದನ್ನೂ ನಿಮ್ಮ ಟೂಲು ನಿರಾಕರಿಸಬೇಕು, ಯಾಕೆ ನಿರಾಕರಿಸಿತು ಎಂದು ಒಂದು ವಾಕ್ಯದಲ್ಲಿ ಹೇಳಬೇಕು.

ಸಂಪಾದಕರೇ, ಎಲ್ಲರಿಗಿಂತ ಬೇಗ ಬದಲಾವಣೆ ತರಬಲ್ಲವರು ನೀವು. ‘ಡಿಫಾಲ್ಟ್ ಆಯ್ಕೆಗಳೊಂದಿಗೆ ಓಡಿಸಲಾಯಿತು’ ಎಂಬ ವಾಕ್ಯವನ್ನು ಒಪ್ಪಬೇಡಿ; ಡಿಫಾಲ್ಟ್ ಬದಲಾಗುತ್ತಿರುತ್ತದೆ. ‘ಮನುಷ್ಯನ ಜೀನೋಮ್’ ಎಂದು ಬರೆದರೆ ಸಾಲದು, ಜಿಸಿಎ_000001405.15 ಎಂಬಂತೆ ಪೂರ್ತಿ ಸಂಖ್ಯೆ ಚುಕ್ಕೆಯ ನಂತರದ ಆವೃತ್ತಿ ಸಮೇತ ಇರಲಿ. ಕಂಟೈನರಿಗೆ ‘ಲೇಟೆಸ್ಟ್’ ಎಂಬ ಚೀಟಿ ಇದ್ದರೆ ಅದು ನಾಳೆ ಬೇರೆಯದನ್ನು ತೋರಿಸುತ್ತದೆ. ಒಳಗಿನದು ಬದಲಾಗದೆ ತಾನೂ ಬದಲಾಗದ ಗುರುತಂಕಿಯಾದ ಅದರ ಶಾ256 ಮೊತ್ತವನ್ನು ಕೇಳಿ. ಜೀನ್ ಪಟ್ಟಿಗಳು ಪಿಡಿಎಫ್‌ನಲ್ಲಾಗಲಿ ಎಕ್ಸೆಲ್‌ನಲ್ಲಾಗಲಿ ಬೇಡ, ಟ್ಯಾಬ್‌ನಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿರಲಿ, ಹೆಸರಿನ ಪಕ್ಕದಲ್ಲಿ ಗುರುತಿನ ಸಂಖ್ಯೆಯೂ ಇರಲಿ. ಪೂರ್ತಿ ಡೇಟಾ ದೊಡ್ಡದಿದ್ದರೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುವ ಒಂದು ಸಣ್ಣ ತುಣುಕು ಮತ್ತು ಅದರಿಂದ ಬರಬೇಕಾದ ಉತ್ತರ ಲಗತ್ತಾಗಿರಲಿ.

ಇದು ಕಷ್ಟವೆನಿಸಿದರೆ ಮೊದಲು ಒಂದು ಹಸ್ತಪ್ರತಿಯಿಂದ ಶುರುಮಾಡಿ. ಮುಂದಿನ ಸಂಚಿಕೆಗೆ ಬಂದವುಗಳಲ್ಲಿ ಒಂದನ್ನು ತೆಗೆದು ನಾಲ್ಕು ವಿಷಯ ಹುಡುಕಿ: ರೆಫರೆನ್ಸ್‌ನ ಪೂರ್ತಿ ಸಂಖ್ಯೆ, ಪ್ರತಿ ಟೂಲಿನ ಆವೃತ್ತಿ, ಓಡಿಸಿದ ಆದೇಶಗಳು ಅಕ್ಷರಶಃ, ಪ್ರತಿ ಹೆಜ್ಜೆಗೆ ಒಳಹೋದ ಮತ್ತು ಹೊರಬಂದ ಸಾಲುಗಳ ಎಣಿಕೆ. ನಾಲ್ಕರಲ್ಲಿ ಒಂದು ಸಿಗದಿದ್ದರೂ ವಿಮರ್ಶಕರಿಗೆ ಕಳಿಸುವ ಮೊದಲೇ ಲೇಖಕರಿಗೆ ಹಿಂತಿರುಗಿಸಿ, ಯಾವುದು ಸಿಗಲಿಲ್ಲ ಎಂದು ಬರೆದು.

ಇತಿ ವಿಶ್ವಾಸಿಗಳು,
ಜೈವಿಕ ಡೇಟಾ ವಿಶ್ಲೇಷಣೆಯ ಪೈಪ್‌ಲೈನ್‌ಗಳನ್ನು ಕಟ್ಟಿ ನಡೆಸುವವರು